ಗವಿಯ ಒಳಮೈ

ಥರ್ಮೋಕೋಲನ್ನು ಕೊರೆದು, ಸಿಮೆಂಟು ಮೆತ್ತಿ, ಕೆಮ್ಮಣ್ಣಿನ ಬಣ್ಣ ಕೊಟ್ಟು, ಮೀನಿನ ತೊಟ್ಟಿಗೆಂದು ಸಿದ್ಧಪಡಿಸಿದ ಬಂಡೆಯೊಂದಕ್ಕೆ ನಿನ್ನೆ ಎಪಾಕ್ಸಿಯ ಕಡೆಯ ಲೇಪವನ್ನು ಬಳಿದು, ಅದಿನ್ನೂ ಬೆರಳಿಗೆ ಅಂಟುತ್ತಿರುವಾಗಲೇ ಸಣ್ಣ ಜರಡಿಯಿಂದ ಒಣಮರಳನ್ನು ಉದುರಿಸಲು, ಎಣ್ಣೆ ತಿಕ್ಕಿಕೊಂಡ ಜಟ್ಟಿಯು ಗರಡಿಯ ಮಣ್ಣನ್ನು ಪೂಸಿಕೊಂಡಂತೆ ಅದರ ಥಳಥಳಿಕೆಯೆಲ್ಲ ಅಡಗಿ, ನೋಡುನೋಡುತ್ತಿದ್ದಂತೆ ಕಲ್ಲಿಗೆ ಕಲ್ಲಿನ ಕಳೆ ಬಂದಿತು. ಮರಳು ಮಾತ್ರ ವಿನಿಗರ್ ಹನಿಸಿದರೆ ನೊರೆಯುಕ್ಕದಂಥದಾಗಿರಬೇಕು. ಉಕ್ಕಿತೆಂದರೆ, ಸಿಮೆಂಟಿನ ಯಾವ ಸುಣ್ಣವನ್ನು ಒಳಗೆ ಬಂಧಿಸಲೆಂದು ಇಷ್ಟೆಲ್ಲ ಪಾಡುಪಟ್ಟೆವೋ ಅದನ್ನೇ ಹೊರಗೂ ಅಂಟಿಸಿ ಕೂರಿಸಿದೆವೆಂದು ಅರ್ಥ.

ಈ ವಿದ್ಯೆಯ ಉಪಾಸಕರಲ್ಲಿ ಹೊಳಪಿನ ಭಕ್ತರು ಕೆಲವರುಂಟು. ಬಂಡೆಯಾಗಲಿ ಬೊಡ್ಡೆಯಾಗಲಿ, ಗಾಜಿನಂತೆ ಮಿಂಚದಿದ್ದರೆ ಅವರಿಗೆ ಸಮಾಧಾನವಿಲ್ಲ. ಅಭಿರುಚಿಯ ಮಾತು, ಕ್ಷಮಿಸಬಹುದು. ಬೆರಳಿಟ್ಟು ನೋಡಿ ‘ಒಣಗಿತು’ ಎನ್ನುವವರನ್ನು ಕ್ಷಮಿಸುವುದು ಸ್ವಲ್ಪ ಕಷ್ಟ. ಎಪಾಕ್ಸಿಯು ಒಣಗುವ ವಸ್ತುವಲ್ಲ. ರಾಳವೂ ಹಾರ್ಡನರೂ ತಕ್ಕ ಪ್ರಮಾಣದಲ್ಲಿ ಕೂಡಿ ಬೇರೊಂದು ಪದಾರ್ಥವಾಗುವುದೇ ಅದರ ಸಿದ್ಧಿ. ಬೇಗನಾಗಲೆಂದು ಹಾರ್ಡನರನ್ನು ಹೆಚ್ಚಾಗಿ ಸುರಿಯುವವನು, ಕೂಡಲು ಜೊತೆಯಿಲ್ಲದ ಆ ಹೆಚ್ಚುವರಿ ಅಂಶವನ್ನು ಮೀನಿನ ಪಾಲಿಗೆ ಉಳಿಸುತ್ತಾನೆ. ಸಿಮೆಂಟಾದರೋ ನೀರು ಕುಡಿದೇ ಗಟ್ಟಿಯಾಗತಕ್ಕದ್ದು. ತಾರಸಿಗೆ ನೀರು ಕಟ್ಟಿಸಿ ಕ್ಯೂರಿಂಗ್ ಮಾಡಿಸಿದ ಗೃಹಸ್ಥನೂ ಇದನ್ನು ಬಲ್ಲ. ಆಮೇಲೆ ಬಂಡೆಯನ್ನು ಬಕೆಟ್ಟಿನಲ್ಲಿ ನೆನೆಹಾಕಿ, ನೀರು ಚೆಲ್ಲಿ, ಮತ್ತೆ ತುಂಬಿ, ನೀರಿನ ಪಿಎಚ್ ಏರದಂತಾದ ಬಳಿಕ ಪೂರ್ತಿ ಆರಲು ಬಿಟ್ಟಲ್ಲದೆ ಲೇಪವು ಕಚ್ಚುವುದಿಲ್ಲ. ಎಪಾಕ್ಸಿಯ ಬದಲು ಅಗ್ಗದ ಪಾಲಿಯೆಸ್ಟರ್ ರಾಳವನ್ನು ತಂದವನ ಥರ್ಮೋಕೋಲು, ಅದರಲ್ಲಿರುವ ಸ್ಟೈರೀನಿನ ದೆಸೆಯಿಂದ, ಕಣ್ಣೆದುರಿಗೇ ಕರಗಿಹೋಗುತ್ತದೆ. ಅವನಿಗೆ ಬೇರೆ ಶಿಕ್ಷೆ ಬೇಡ.

ಆದರೆ ನನಗೆ ನಿಜವಾಗಿ ಸಿಟ್ಟು ಬರುವುದು ಬಂಡೆಯಲ್ಲಿ ಮೀನಿಗೆಂದು ಕೊರೆಯುವ ಗವಿಯ ವಿಷಯದಲ್ಲಿ. ಎದುರಿನಿಂದ ಕಾಣುವ ಮುಖಕ್ಕೆ ಮೂರು ಲೇಪ, ಲೇಪಲೇಪದ ನಡುವೆ ಎಮರಿ ಕಾಗದದ ಉಜ್ಜುವಿಕೆ. ಗವಿಯೊಳಗೆ ಮಾತ್ರ ಬರಿಯ ಸಿಮೆಂಟು! ‘ಒಳಗೆ ಯಾರು ನೋಡುತ್ತಾರೆ ಸ್ವಾಮಿ?’ ಎಂದು ಈ ಮಹನೀಯರು ಕೇಳುತ್ತಾರೆ. ನೋಡುವವರು ಯಾರೂ ಇಲ್ಲ, ನಿಜ; ಸಂಸಾರ ಮಾಡುವವರಿದ್ದಾರೆ. ಆಫ್ರಿಕದ ಕ್ರಿಬೆನ್ಸಿಸ್ ಮೀನು ಮೊಟ್ಟೆಯಿಡುವುದು ಗವಿಯ ಚಾವಣಿಗೆ. ಬ್ರಿಸಲ್‌ನೋಸ್ ಪ್ಲೆಕೊವಿನ ಗಂಡು ತನ್ನ ಮೊಟ್ಟೆಗಳಿಗೆ ರೆಕ್ಕೆಯಿಂದ ಗಾಳಿ ಬೀಸುವಂತೆ ನೀರು ಬೀಸುತ್ತ ಕಾವಲಿರುವುದು ಆ ಕತ್ತಲಿನಲ್ಲಿಯೇ. ನೀರಾಡುವುದು ಕಡಮೆಯಾದ ಆ ಮೂಲೆಯಲ್ಲಿ ಕ್ಷಾರವನ್ನೊಸರುವ ಹಸಿಗೋಡೆಯನ್ನು ಉಳಿಸಿ, ಮನುಷ್ಯನ ಕಣ್ಣಿಗೆ ಬೀಳುವ ಕಡೆ ಶೃಂಗಾರ ಮಾಡುವುದು ಕಲೆಯಲ್ಲ, ಸೋಗು. ಕುಂಚ ಹೋಗುವುದಿಲ್ಲವೆಂಬ ನೆವವೂ ಸಲ್ಲದು: ಗವಿಯನ್ನು ಎರಡು ಹೋಳಾಗಿ ಮಾಡಿ, ಒಳಮೈಗೆ ಮೊದಲು ಲೇಪ ಕೊಟ್ಟು, ಬಳಿಕ ಬೂಷ್ಟುನಿರೋಧಕ ಬೆರೆಸದ ಸಿಲಿಕೋನಿನಿಂದ ಜೋಡಿಸಿದರೆ, ಬೆಸುಗೆಯ ಗೆರೆಯನ್ನು ಮರಳು ಮುಚ್ಚುತ್ತದೆ.

ಇಷ್ಟೆಲ್ಲ ತಾಪತ್ರಯವೇಕೆ, ಹೊಳೆಯ ಕಲ್ಲನ್ನೇ ತರಬಾರದೆ ಎನ್ನುವವರೂ ಉಂಟು. ಫಿಲಿಪ್ ಹೆನ್ರಿ ಗಾಸ್ ಎಂಬ ಇಂಗ್ಲೆಂಡಿನ ಜೀವಶಾಸ್ತ್ರಜ್ಞನು 1854ರಲ್ಲಿ ಅಕ್ವೇರಿಯಮ್ಮನ್ನು ಕುರಿತು ಪುಸ್ತಕ ಬರೆದು ಆ ಹುಚ್ಚನ್ನು ಮನೆಮನೆಗೆ ಹಬ್ಬಿಸಿದ ಮೇಲೆ, ಜನರು ಕಡಲತಡಿಗೆ ಮುಗಿಬಿದ್ದು ಬಂಡೆಗಳ ನಡುವಣ ಕೊಳಗಳನ್ನು ಬರಿದುಮಾಡಿದರೆಂದು ಅವನ ಮಗ ಎಡ್ಮಂಡನೇ 1907ರ ತನ್ನ ಆತ್ಮಕಥನದಲ್ಲಿ ಹಳಹಳಿಸಿದ್ದಾನೆ. ನಮ್ಮ ಮಲೆನಾಡಿನ ಹಳ್ಳಗಳಲ್ಲಿಯೂ ಕಲ್ಲೆಂದರೆ ಬರಿಯ ಕಲ್ಲಲ್ಲ. ಮಗುಚಿ ನೋಡಿದರೆ ಅಡಿಮೈಗೆ ಹುಳುಹುಪ್ಪಟೆಗಳು ಕಚ್ಚಿಕೊಂಡಿರುತ್ತವೆ, ಸಂದಿನಲ್ಲಿ ಪುಟ್ಟ ಮೀನು ಅಡಗಿರುತ್ತದೆ. ಅವುಗಳ ಮನೆಯನ್ನು ಕಿತ್ತು ನನ್ನ ಮೀನಿಗೆ ಮನೆ ಮಾಡಿಕೊಡುವ ಔದಾರ್ಯ ನನಗೆ ಬೇಡ. ಹಳ್ಳದಿಂದ ಚೀಲ ತುಂಬಿಕೊಂಡು ಬರುವ ಆ ಸಹಜಸೌಂದರ್ಯದ ಆರಾಧಕನಿಗಿಂತ, ವಾರ್ನಿಷ್ಷಿನಿಂದ ಮಿರಿಮಿರಿ ಮಿಂಚುವ ಹೊಳಪಿನ ಭಕ್ತನೇ ನನಗೆ ಹತ್ತಿರದವನು. ಅವನ ಬಂಡೆಯ ಒಳಗಡೆಗೂ ಲೇಪವಿದ್ದಲ್ಲಿ, ಅವನ ಮನೆಯ ಕಾಫಿಯನ್ನೂ ಕುಡಿದುಬಂದೇನು.