ಸೋರುವ ಕಂಡೆನ್ಸರುಗಳು

ನಮ್ಮ ವಿಜ್ಞಾನದ ಕೋಣೆಯ ಕಪಾಟಿನಲ್ಲಿ ಬಹುಕಾಲದಿಂದ ಒಂದು ಆಸಿಲೋಸ್ಕೋಪು ಇದೆ. ವಿದ್ಯುತ್ತಿನ ಏರಿಳಿತವನ್ನು ಗಾಜಿನ ಪರದೆಯ ಮೇಲೆ ಹಸುರು ಗೆರೆಯಾಗಿ ಬರೆದು ತೋರಿಸುವ ಪರೀಕ್ಷಾಯಂತ್ರವಿದು. ೧೮೯೭ರಲ್ಲಿ ಜರ್ಮನ್ ಪಂಡಿತರಾದ ಕಾರ್ಲ್ ಫರ್ಡಿನಾಂಡ್ ಬ್ರೌನರು ನಿರ್ಮಿಸಿದ ಕೊಳವೆಯ ಸಂತತಿಗೆ ಸೇರಿದ್ದು. ಹಿತೈಷಿಗಳೊಬ್ಬರು ದಾನವಾಗಿ ಕೊಟ್ಟ ಈ ಯಂತ್ರವು ಕಳೆದ ವರುಷ ಕೆಟ್ಟಿತು. ಅದನ್ನು ಗುಜರಿಗೆ ಮಾರಿಬಿಡುವುದೇ ಲೇಸೆಂದು ಆಡಳಿತ ಸಮಿತಿಯ ಕೆಲವರು ಸೂಚಿಸಿದರು. ಅಷ್ಟರಲ್ಲಿ ನಮ್ಮ ವಿಜ್ಞಾನದ ಉಪಾಧ್ಯಾಯಿನಿಯವರು ಒಂಬತ್ತನೆಯ ತರಗತಿಯ ಆರು ಮಂದಿ ಹುಡುಗಿಯರನ್ನು ಕರೆದುಕೊಂಡು ಬಂದು, ಅದನ್ನು ಬಿಚ್ಚಿ ನೋಡಲು ನನ್ನ ಅಪ್ಪಣೆಯನ್ನು ಬೇಡಿದರು.

ಅಪ್ಪಣೆ ಕೊಡುವುದು ಸುಲಭವಾಗಿರಲಿಲ್ಲ. ಆ ಕೊಳವೆಗೆ ಸಾವಿರ ವೋಲ್ಟಿಗೂ ಮಿಕ್ಕ ಒತ್ತಡ ಬೇಕು. ಗೋಡೆಯ ಪ್ಲಗ್ಗನ್ನು ಕಿತ್ತ ಮೇಲೆಯೂ ಕಂಡೆನ್ಸರುಗಳಲ್ಲಿ ವಿದ್ಯುತ್ತು ಅಡಗಿ ಕುಳಿತಿರಬಹುದು. ೧೭೪೫ರಲ್ಲಿ ಪೊಮೆರೇನಿಯದ ಕಾಮಿನ್ ಪಟ್ಟಣದ ಕಥೀಡ್ರಲಿನ ಡೀನರಾಗಿದ್ದ ಫಾನ್ ಕ್ಲೈಸ್ಟರು ಸೀಸೆಯೊಳಗೆ ಮೊಳೆಯನ್ನಿಟ್ಟು, ಅದಕ್ಕೆ ವಿದ್ಯುತ್ತನ್ನು ತುಂಬಿ, ಮುಟ್ಟಿ, ಬಲವಾದ ಆಘಾತವನ್ನು ಅನುಭವಿಸಿದರು. ಕಂಡೆನ್ಸರಿನ ವಂಶವು ಆರಂಭವಾದುದು ಅಂಥ ಸೀಸೆಗಳಿಂದಲೇ. (ಪೆಟ್ಟು ತಿಂದವರು ಚರ್ಚಿನ ಹಿರಿಯರೆಂದು ಕೇಳಿ ನಮ್ಮ ಹುಡುಗಿಯರು ಬಹಳ ನಕ್ಕರು.)

ಹೆಣ್ಣುಮಕ್ಕಳಿಗೆ ಇಂಥ ಕೆಲಸವೇತಕ್ಕೆಂದು ಒಬ್ಬ ತಂದೆಯವರು ಚೀಟಿ ಬರೆದು ಕಳುಹಿಸಿದರು. ಅಪಾಯದ ವಿಷಯವಾಗಿ ಅವರು ಹೇಳಿದ್ದು ನ್ಯಾಯವೇ. ಆದರೆ ಹೊಲಿಗೆಯಂತ್ರವನ್ನು ಬಿಚ್ಚಿ ಎಣ್ಣೆ ಬಿಡುವ ಹುಡುಗಿಯನ್ನು ಈ ಶಾಲೆಯಲ್ಲಿ ಯಾರೂ ತಡೆದುದಿಲ್ಲ; ಯಂತ್ರಕ್ಕೂ ಹೆಣ್ಣಿಗೂ ಆಗದೆಂಬ ಮಾತನ್ನು ನಾನು ಒಪ್ಪಲಾರೆ. ಪೇಟೆಯಲ್ಲಿ ರೇಡಿಯೋ ರಿಪೇರಿ ಮಾಡುವ ಹಿರಿಯರೊಬ್ಬರು ಎದುರಿಗಿರಬೇಕು, ಹೆಚ್ಚಿನ ಒತ್ತಡದ ಭಾಗವನ್ನು ಅವರೊಬ್ಬರೇ ಮುಟ್ಟಬೇಕು, ಪ್ಲಗ್ಗು ಗೋಡೆಯಿಂದ ಹೊರಗೆ ಕಣ್ಣಿಗೆ ಕಾಣುವಂತಿರಬೇಕು, ಮೀಟರು ಸೊನ್ನೆಯನ್ನು ತೋರಿಸುವ ತನಕ ಯಾವ ಹುಡುಗಿಯ ಕೈಯೂ ಒಳಗೆ ಹೋಗಕೂಡದು ಎಂದು ನಿಯಮ ಮಾಡಿ ಒಪ್ಪಿಗೆ ಕೊಟ್ಟೆನು. ಆ ತಂದೆಯವರನ್ನೂ ಬಂದು ನೋಡುವಂತೆ ಕರೆದೆನು. ಅವರು ಬಂದರು.

ಯಂತ್ರವು ತನ್ನ ರೋಗವನ್ನು ತನ್ನ ಮುಖದ ಮೇಲೆಯೇ ಬರೆದುಕೊಂಡಿತ್ತು. ಏನನ್ನೂ ಜೋಡಿಸದಿದ್ದಾಗ ನೆಟ್ಟಗಿರಬೇಕಾದ ಗೆರೆಯು ಅಲೆಯಲೆಯಾಗಿತ್ತು. ಪರದೆಯ ಅಡ್ಡಳತೆಗೆ ಹತ್ತು ಮನೆ. ಒಂದು ಮನೆಗೆ ೫ ಮಿಲಿಸೆಕೆಂಡು. ಅಷ್ಟರಲ್ಲಿ ಐದು ಅಲೆಗಳಿದ್ದವು. ಒಬ್ಬ ಹುಡುಗಿ ಕಾಗದದ ಮೇಲೆ ಲೆಕ್ಕ ಹಾಕಿ, “ಅಮ್ಮಾ, ಸೆಕೆಂಡಿಗೆ ನೂರು” ಎಂದಳು. ನಮ್ಮ ಮನೆಗಳಿಗೆ ಬರುವ ವಿದ್ಯುತ್ತು ಸೆಕೆಂಡಿಗೆ ೫೦ ಸಲ ಆವರ್ತಿಸುತ್ತದೆ. ಡಯೋಡುಗಳ ಸೇತುವೆಯು ಅದನ್ನು ಒಂದೇ ದಿಕ್ಕಿಗೆ ತಿರುಗಿಸಿದಾಗ ಉಬ್ಬುಗಳು ೧೦೦ ಆಗುತ್ತವೆ. ಆ ಉಬ್ಬುಗಳ ನಡುವಿನ ತಗ್ಗನ್ನು ತುಂಬಿ ಸಮಮಾಡುವುದು ಕಂಡೆನ್ಸರಿನ ಕೆಲಸ. ಕೆರೆಯು ಮಳೆ ಬಾರದ ದಿನಗಳಲ್ಲಿಯೂ ಕಾಲುವೆಗೆ ನೀರು ಬಿಡುವಂತೆ. ನೂರೆಂಬ ಆ ಸಂಖ್ಯೆಯು ದೋಷವು ಪವರ್ ಸಪ್ಲೈಯಲ್ಲಿದೆ ಎಂದು ಬೆರಳಿಟ್ಟು ತೋರಿಸಿತು.

ಮುಚ್ಚಳ ತೆಗೆದಾಗ ಒಂದು ಕಂಡೆನ್ಸರಿನ ಬುಡದಲ್ಲಿ ಕಂದು ಅಂಟು ಕಾಣಿಸಿತು. ಸೋರಿದೆ, ಸೋರಿದೆ ಎಂದು ಎಲ್ಲರೂ ಕೂಗಿದರು. ಹಿರಿಯರು ಉಗುರಿನಿಂದ ಕೆರೆದು, ಅದು ಅಲುಗಾಡದಂತೆ ಕಾರ್ಖಾನೆಯವರು ಹಚ್ಚಿದ ಗೋಂದೆಂದು ತೋರಿಸಿಕೊಟ್ಟರು. ನಿಜವಾಗಿ ಸೋರಿದ್ದು ಪಕ್ಕದ್ದು: ಅದರ ಕೆಳಗಿನ ತಾಮ್ರವು ಹಸುರು ಹಿಡಿದಿತ್ತು. ಸೋರುವಿಕೆಯು ಎರಡು ಬಗೆ. ರಬ್ಬರಿನ ಬಿರಡೆ ಒಣಗಿ ಒಳಗಿನ ದ್ರವವು ಹೊರಬಂದರೆ ಕಣ್ಣಿಗೆ ಕಾಣುತ್ತದೆ. ಅಲ್ಯುಮಿನಿಯಂ ಹಾಳೆಯ ಮೇಲಣ ತೆಳುವಾದ ಆಕ್ಸೈಡು ಪದರವು ಉಪಯೋಗವಿಲ್ಲದೆ ಕ್ಷೀಣಿಸಿ, ವಿದ್ಯುತ್ತು ಅದರ ಮೂಲಕ ಹಾಯ್ದುಹೋದರೆ ಕಾಣುವುದಿಲ್ಲ, ಅಳೆಯಬೇಕು. ೧೦೦೦ ಮೈಕ್ರೋಫ್ಯಾರಡ್ ಎಂದು ಬರೆದಿದ್ದ ಒಂದರಲ್ಲಿ ೧೪೦ ಮಾತ್ರ ಉಳಿದಿತ್ತು. ಹೊರಗಿನಿಂದ ಅದು ಎಲ್ಲಕ್ಕಿಂತ ಚೊಕ್ಕಟವಾಗಿತ್ತು.

ಕೆಟ್ಟ ನಾಲ್ಕನ್ನು ತೆಗೆದು, ತಾಮ್ರವನ್ನು ಸ್ಪಿರಿಟಿನಿಂದ ಒರೆಸಿ, ಅಷ್ಟೇ ಮೈಕ್ರೋಫ್ಯಾರಡಿನ, ವೋಲ್ಟಿನಲ್ಲಿ ಕಡಿಮೆಯಿಲ್ಲದ ಹೊಸವನ್ನು ಹುಡುಗಿಯರೇ ಬೆಸೆದರು. ಋಣದ ಪಟ್ಟಿ ಯಾವ ಕಡೆಗಿರಬೇಕೆಂಬುದನ್ನು ಮೂರು ಸಲ ನೋಡಿದರು. ತಿರುಗುಮುರುಗಾದರೆ ಕಂಡೆನ್ಸರು ಕಾದು ಸಿಡಿಯುವುದುಂಟು. ಆ ಬಳಿಕ ಹಿರಿಯರು ೬೦ ವಾಟಿನ ತಂತಿಯ ಬಲ್ಬೊಂದನ್ನು ಸರಣಿಯಲ್ಲಿ ಜೋಡಿಸಿ ಗುಂಡಿಯನ್ನೊತ್ತಿದರು. ಬಲ್ಬು ಪ್ರಕಾಶವಾಗಿಯೇ ಉಳಿದರೆ ಒಳಗೆಲ್ಲೋ ಶಾರ್ಟ್ ಇದೆಯೆಂದರ್ಥ. ಅದು ಒಮ್ಮೆ ಬೆಳಗಿ, ಮೆಲ್ಲಗೆ ಮಂಕಾಯಿತು. ಯಾರೂ ಉಸಿರೆತ್ತಲಿಲ್ಲ. ಬಲ್ಬನ್ನು ತೆಗೆದು ನೇರವಾಗಿ ಕೊಟ್ಟಾಗ ಹಸುರು ಗೆರೆಯು ಅಡ್ಡಪಟ್ಟಿಯಿಟ್ಟು ಎಳೆದಂತೆ ನಿಂತಿತು.

ಸಮಿತಿಯವರು ಗುಜರಿಯ ಪಟ್ಟಿಯಿಂದ ಅದರ ಹೆಸರನ್ನು ಹೊಡೆದುಹಾಕಿದ್ದಾರೆ. ಚೀಟಿ ಬರೆದ ತಂದೆಯವರು ಮೊನ್ನೆ ತಮ್ಮ ಮನೆಯ ಹಳೆಯ ರೇಡಿಯೋವೊಂದನ್ನು ಬಟ್ಟೆಯಲ್ಲಿ ಸುತ್ತಿ ಕಳುಹಿಸಿದರು; ಹುಡುಗಿಯರು ಅದರ ಮುಚ್ಚಳವನ್ನು ಇನ್ನೂ ತೆಗೆದಿಲ್ಲ, ಹಿರಿಯರು ಬರುವ ಶನಿವಾರಕ್ಕಾಗಿ ಕಾದಿದ್ದಾರೆ.