ಹೊಳೆಗೆ ಹೆಸರಿಟ್ಟವರು ಯಾರು?

ಹುಬ್ಬಳ್ಳಿಯಿಂದ ದಾವಣಗೆರೆಯ ಕಡೆಗೆ ಹೊರಟ ಪ್ಯಾಸೆಂಜರ್ ರೈಲಿಗೆ ದಾರಿಯಲ್ಲಿ ಹಾವೇರಿ, ಬ್ಯಾಡಗಿ, ರಾಣೆಬೆನ್ನೂರು ಒಂದರ ಹಿಂದೊಂದು ಸಿಗುತ್ತವೆ. ಕಿಟಕಿಯ ಪಕ್ಕ ಕುಳಿತ ವಿದ್ಯಾರ್ಥಿ ನಿಲ್ದಾಣದ ಹಳದಿ ಫಲಕಗಳನ್ನು ಓದುತ್ತ ಹೋದರೆ ಸಾಕು, ಇತಿಹಾಸದ ಒಂದು ಪಾಠವೇ ಆಗುತ್ತದೆ.

ಹಾವೇರಿಯ ನಿಲ್ದಾಣಕ್ಕೆ ಈಗ ಮಹದೇವಪ್ಪ ಮೈಲಾರ ಅವರ ಹೆಸರಿದೆ. ಬ್ಯಾಡಗಿ ತಾಲ್ಲೂಕಿನ ಮೋಟೆಬೆನ್ನೂರಿನಲ್ಲಿ 1911ರಲ್ಲಿ ಹುಟ್ಟಿದ ಮಹದೇವಪ್ಪ, 1930ರ ದಂಡಿ ಯಾತ್ರೆಯಲ್ಲಿ ಗಾಂಧೀಜಿಯವರ ಜೊತೆ ಹೆಜ್ಜೆ ಹಾಕಿದಾಗ ಇನ್ನೂ ಹದಿಹರೆಯದ ಹುಡುಗ. 1943ರ ಏಪ್ರಿಲ್ 1ರಂದು ಹೊಸರಿತ್ತಿಯಲ್ಲಿ ಸರಕಾರದ ಕಂದಾಯದ ಹಣವನ್ನು ವಶಪಡಿಸಿಕೊಳ್ಳಲು ಹೋದಾಗ ಪೊಲೀಸರ ಗುಂಡಿಗೆ ಬಲಿಯಾದರು. ಅವರೊಂದಿಗೆ ತಿರಕಪ್ಪ ಮಡಿವಾಳರ, ವೀರಯ್ಯ ಹಿರೇಮಠ ಅವರೂ ಪ್ರಾಣ ಕೊಟ್ಟರು. ಮನುಷ್ಯರು ಕಟ್ಟಿದ ನಿಲ್ದಾಣಕ್ಕೆ ನಾಡಿಗಾಗಿ ಸತ್ತ ಮನುಷ್ಯನ ಹೆಸರು. ಇದನ್ನು ಒಪ್ಪದವರು ಯಾರಿದ್ದಾರೆ?

ಆದರೆ ಮನುಷ್ಯ ಕಟ್ಟದ ಹೊಳೆ, ಬೆಟ್ಟ, ಜಲಪಾತಗಳ ಮಾತು ಬೇರೆ. ಅವುಗಳಿಗೆ ಯಾರ ಹೆಸರಿಡಬೇಕು? ಇಟ್ಟ ಹೆಸರು ಸರಿಯಿಲ್ಲವೆಂದು ಮುಂದೊಂದು ದಿನ ತಿಳಿದರೆ ಏನು ಮಾಡಬೇಕು?

ಹಾವೇರಿ ಜಿಲ್ಲೆಯ ನಕಾಶೆಯನ್ನು ಹರಡಿಕೊಂಡು ನೋಡಿದರೆ ಒಂದು ಸಂಗತಿ ಕಣ್ಣಿಗೆ ಬೀಳುತ್ತದೆ. ವರದಾ, ಕುಮುದ್ವತಿ, ಧರ್ಮಾ, ತುಂಗಭದ್ರಾ. ಯಾವ ಹೊಳೆಗೂ ಅಧಿಕಾರಿಯ ಹೆಸರಿಲ್ಲ, ದಂಡನಾಯಕನ ಹೆಸರಿಲ್ಲ. ಹಾವೇರಿಯ ಹೆಗ್ಗೆರೆಯೆಂದರೆ ಹಿರಿದಾದ ಕೆರೆ, ಅಷ್ಟೆ. ಮಾಸೂರಿನ ಬಳಿಯ ಮದಗದ ಕೆರೆಯ ಜೊತೆ ಜನಪದರು ನೆನೆಯುವುದು ಕೆಂಚವ್ವನನ್ನು, ಯಾವ ದೊರೆಯನ್ನೂ ಅಲ್ಲ. ರಾಣೆಬೆನ್ನೂರಿನ ಕುರುಚಲು ಕಾಡನ್ನು 1974ರಲ್ಲಿ ಅಭಯಾರಣ್ಯವೆಂದು ಸಾರಿದಾಗಲೂ ಅದಕ್ಕೆ ದೊರೆತದ್ದು ಅಲ್ಲಿಯೇ ಬದುಕಿರುವ ಕೃಷ್ಣಮೃಗದ ಹೆಸರು. ಅದೇ ತಾಲ್ಲೂಕಿನಲ್ಲಿ ತುಂಗಭದ್ರೆಯ ದಡದ ಚೌಡದಾನಪುರಕ್ಕೆ ಅಂಬಿಗರ ಚೌಡಯ್ಯನಿಂದ ಆ ಹೆಸರು ಬಂತೆಂಬ ಪ್ರತೀತಿಯಿದೆ. ಊರಿಗೆ ಅಂಬಿಗನ ಹೆಸರು ಬಂದರೂ ಹೊಳೆ ಮಾತ್ರ ತುಂಗಭದ್ರೆಯಾಗಿಯೇ ಉಳಿಯಿತು.

ಕೆಪ್ಪ ಜೋಗದ ಕತೆ

ಹಾವೇರಿಯಿಂದ ಪಶ್ಚಿಮಕ್ಕೆ ಹಾನಗಲ್ಲಿನ ಮೇಲೆ ಹಾದು ಶಿರಸಿ ಸೇರಿದರೆ ಚಿತ್ರ ಬದಲಾಗುತ್ತದೆ. ಈ ಭಾಗದ ಶಾಲೆಗಳ ಮಕ್ಕಳು ಪ್ರವಾಸಕ್ಕೆ ಹಿಡಿಯುವ ದಾರಿಯೂ ಇದೇ. ಸಿದ್ದಾಪುರ ತಾಲ್ಲೂಕಿನಲ್ಲಿ ಅಘನಾಶಿನಿ ನದಿ ಸುಮಾರು 116 ಮೀಟರ್ ಆಳಕ್ಕೆ ಧುಮುಕುವ ಜಾಗಕ್ಕೆ ಉಂಚಳ್ಳಿ ಜಲಪಾತವೆಂದು ಹೆಸರು. ಅದರ ಆರ್ಭಟಕ್ಕೆ ಕಿವಿ ಕೆಪ್ಪಾಗುವುದರಿಂದ ಸುತ್ತಲಿನವರು ‘ಕೆಪ್ಪ ಜೋಗ’ ಎಂದೂ ಕರೆಯುತ್ತಾರೆ. ಆದರೆ ಪ್ರವಾಸಿ ಪುಸ್ತಕಗಳಲ್ಲಿ ಬಹುಕಾಲ ಮೆರೆದದ್ದು ‘ಲುಷಿಂಗ್ಟನ್ ಫಾಲ್ಸ್’ ಎಂಬ ಹೆಸರು. ಬ್ರಿಟಿಷ್ ಕಲೆಕ್ಟರ್ ಲುಷಿಂಗ್ಟನ್ 1845ರಲ್ಲಿ ಇದನ್ನು ‘ಕಂಡುಹಿಡಿದ’ನೆಂದು ಆ ಪುಸ್ತಕಗಳು ಹೇಳುತ್ತವೆ. ತಲೆಮಾರುಗಳಿಂದ ಅದರ ಸದ್ದು ಕೇಳುತ್ತ ಗದ್ದೆ ಉತ್ತವರಿಗೆ ಅದು ಎಂದು ಕಳೆದುಹೋಗಿತ್ತು, ಇನ್ನೊಬ್ಬ ಬಂದು ಕಂಡುಹಿಡಿಯಲು?

ಇಲ್ಲಿ ಯಾವ ಗಲಾಟೆಯೂ ಆಗಲಿಲ್ಲ. ಊರವರ ಬಾಯಲ್ಲಿ ಹಳೆಯ ಹೆಸರು ಸಾಯದೆ ಇದ್ದುದರಿಂದ ಅದೇ ಮೇಲೆ ಬಂತು. ಕೇವಲ ಕಾಗದದ ಮೇಲಿದ್ದ ಹೆಸರು ತಾನಾಗಿಯೇ ಹಿಂದೆ ಸರಿಯಿತು.

ವಿಗ್ರಹ ಸಾಗಿತು, ದ್ವೀಪ ಉಳಿಯಿತು

ಎಲ್ಲ ಕಡೆ ಇದು ಇಷ್ಟು ಸುಲಭವಲ್ಲ. ಅಂಡಮಾನಿನ ಎರಡು ದ್ವೀಪಗಳಿಗೆ 1857ರ ಹೋರಾಟವನ್ನು ಅಡಗಿಸಿದ ಹ್ಯಾವ್‌ಲಾಕ್ ಮತ್ತು ನೀಲ್ ಎಂಬ ಸೇನಾಧಿಕಾರಿಗಳ ಹೆಸರುಗಳಿದ್ದವು. ಅಲಹಾಬಾದ್, ಕಾನಪುರಗಳಲ್ಲಿ ನೀಲ್ ನಡೆಸಿದ ಕ್ರೌರ್ಯ ಕುಖ್ಯಾತವಾದದ್ದು. ಮದರಾಸಿನ ಮೌಂಟ್ ರಸ್ತೆಯಲ್ಲಿದ್ದ ಅವನ ವಿಗ್ರಹದ ವಿರುದ್ಧ 1927ರಲ್ಲಿ ಸತ್ಯಾಗ್ರಹ ನಡೆಯಿತು. 1937ರಲ್ಲಿ ರಾಜಾಜಿಯವರ ಸರಕಾರ ಅದನ್ನು ವಸ್ತುಸಂಗ್ರಹಾಲಯಕ್ಕೆ ಕಳಿಸಿತು. ವಿಗ್ರಹವನ್ನೇನೋ ಎತ್ತಿ ಒಳಗಿಡಬಹುದು, ದ್ವೀಪವನ್ನು ಎಲ್ಲಿಡುವುದು? ಹೆಸರನ್ನೇ ಬದಲಿಸಬೇಕು. ಹೊಸರಿತ್ತಿಯಲ್ಲಿ ಮಹದೇವಪ್ಪ ಹುತಾತ್ಮರಾದ ವರ್ಷದ ಕೊನೆಯಲ್ಲೇ, 1943ರ ಡಿಸೆಂಬರ್ 30ರಂದು, ನೇತಾಜಿ ಸುಭಾಷಚಂದ್ರ ಬೋಸ್ ಪೋರ್ಟ್ ಬ್ಲೇರ್‌ನಲ್ಲಿ ಧ್ವಜ ಹಾರಿಸಿದ್ದರು. ಸರಿಯಾಗಿ 75 ವರ್ಷಗಳ ಬಳಿಕ, 2018ರ ಡಿಸೆಂಬರ್ 30ರಂದು, ಹ್ಯಾವ್‌ಲಾಕ್ ದ್ವೀಪಕ್ಕೆ ‘ಸ್ವರಾಜ್ ದ್ವೀಪ’, ನೀಲ್ ದ್ವೀಪಕ್ಕೆ ‘ಶಹೀದ್ ದ್ವೀಪ’ ಎಂಬ ಹೆಸರುಗಳನ್ನು ಘೋಷಿಸಲಾಯಿತು.

ನ್ಯಾಯವಾದ ಬದಲಾವಣೆಯೇ. ಆದರೂ ಒಂದು ಕೊರತೆ ಉಳಿದೇ ಉಳಿಯಿತು. ಎರಡೂ ಸಲದ ನಾಮಕರಣದಲ್ಲಿ ಅಂಡಮಾನಿನ ಮೂಲನಿವಾಸಿಗಳ ನುಡಿಗೆ ಜಾಗ ಸಿಗಲಿಲ್ಲ. ಅಮೆರಿಕದ ಕೊಲರಾಡೋದಲ್ಲಿ ಬೇರೊಂದು ದಾರಿ ತುಳಿದರು. 1864ರ ಸ್ಯಾಂಡ್ ಕ್ರೀಕ್ ಹತ್ಯಾಕಾಂಡದ ಕಾಲದ ಗವರ್ನರ್ ಇವಾನ್ಸ್ ಹೆಸರಿನಲ್ಲಿದ್ದ ಪರ್ವತಕ್ಕೆ 2023ರಲ್ಲಿ ‘ಬ್ಲೂ ಸ್ಕೈ’, ಅಂದರೆ ನೀಲಿ ಆಕಾಶ, ಎಂದು ಹೆಸರಾಯಿತು. ಆ ಹತ್ಯಾಕಾಂಡದಲ್ಲಿ ತಮ್ಮವರನ್ನು ಕಳೆದುಕೊಂಡ ಷೈಯನ್ ಮತ್ತು ಅರಪಾಹೋ ಬುಡಕಟ್ಟುಗಳೂ ಅದಕ್ಕೆ ಬೆಂಬಲವಾಗಿ ನಿಂತಿದ್ದವು.

ಹೆಸರು ಬದಲಿಸಿದರೆ ಇತಿಹಾಸ ಅಳಿಸಿಹೋಗುತ್ತದೆಂದು ಅಂಜುವವರಿದ್ದಾರೆ. ಅವರ ಅಂಜಿಕೆ ಪೂರಾ ಸುಳ್ಳಲ್ಲ. ನೀಲ್ ಯಾರು, ಏನು ಮಾಡಿದ ಎಂಬುದನ್ನು ಮರೆತರೆ ‘ಶಹೀದ್’ ಎಂಬ ಹೊಸ ಹೆಸರಿನ ಅರ್ಥವೂ ಅರ್ಧ ಹೋದಂತೆ. ಆದ್ದರಿಂದ ಹಳೆಯ ಹೆಸರಿನ ಕತೆ ಪಾಠದಲ್ಲಿರಲಿ, ಗೌರವದ ಜಾಗದಲ್ಲಿ ಬೇಡ. ಹೊಸ ಹೆಸರು ಹುಡುಕುವ ಮೊದಲು, ಆ ನೀರನ್ನು ಕುಡಿದು ಬದುಕಿದವರು ಅದನ್ನು ಏನೆಂದು ಕರೆಯುತ್ತಿದ್ದರು ಎಂದು ಕೇಳುವುದು ಒಳ್ಳೆಯದು. ಮೆಚ್ಚಿದ ನಾಯಕರ ಹೆಸರನ್ನು ಶಾಲೆಗೆ, ನಿಲ್ದಾಣಕ್ಕೆ, ರಸ್ತೆಗೆ ಧಾರಾಳವಾಗಿ ಇಡಬಹುದು. ಇಂದು ಪೂಜಿಸಿದವರನ್ನು ನಾಳಿನವರು ಪ್ರಶ್ನಿಸಿಯಾರು, ಕುಮುದ್ವತಿಯನ್ನು ಪ್ರಶ್ನಿಸುವವರು ಯಾರು?

ಹಾವೇರಿ ಸೀಮೆಯ ವಿದ್ಯಾರ್ಥಿಗಳಿಗೆ ರಜೆಯಲ್ಲಿ ಮಾಡಲು ಇಲ್ಲೊಂದು ಕೆಲಸವಿದೆ. ಪ್ರತಿ ಊರಿನ ಹಳ್ಳ, ದಿಣ್ಣೆ, ಗುಡ್ಡ, ಕೆರೆಗಳಿಗೆ ನಕಾಶೆಯಲ್ಲಿ ಇಲ್ಲದ ಹೆಸರುಗಳಿವೆ. ಅವು ಉಳಿದಿರುವುದು ಅಜ್ಜ ಅಜ್ಜಿಯರ ಬಾಯಲ್ಲಿ ಮಾತ್ರ. ತಂದೆತಾಯಿಗಳು ಮಕ್ಕಳನ್ನು ಒಮ್ಮೆ ಹೊಲದ ದಾರಿಯಲ್ಲಿ ಕರೆದೊಯ್ದು ಆ ಹೆಸರುಗಳನ್ನು ಕೇಳಿಸಿ, ಒಂದು ನೋಟುಪುಸ್ತಕದಲ್ಲಿ ಬರೆಸಿಡಲಿ. ಕೆಪ್ಪ ಜೋಗಕ್ಕೆ ಅದರ ಹೆಸರು ಉಳಿದದ್ದು ಸರಕಾರದ ಆದೇಶದಿಂದಲ್ಲ, ಕರೆಯುವವರು ಕರೆಯುವುದನ್ನು ಬಿಡದಿದ್ದರಿಂದ.