ಎಡಗಾಲಿಗೊಂದು ಕೆಲಸ

ಊಟಕ್ಕೆ ಎಡಗೈ ಬರುವಂತಿಲ್ಲ, ದಕ್ಷಿಣೆ ಕೊಡಲಿಕ್ಕೂ ಬರುವಂತಿಲ್ಲ. ಹೊಸ ಮನೆಯ ಹೊಸ್ತಿಲಲ್ಲಿ ಎಡಗಾಲು ಮುಂದಿಟ್ಟವನನ್ನು ಅಜ್ಜಿ ಹೊರಗೆ ಕರೆದು ಮತ್ತೊಮ್ಮೆ ಒಳಗೆ ಕಳಿಸುತ್ತಾಳೆ. ಹುಟ್ಟಿದಂದಿನಿಂದ ಹಿಂದಿನ ಸಾಲಿನಲ್ಲೇ ಕೂತ ಈ ಜೋಡಿಗೆ ಪಟ್ಟ ಕಟ್ಟಿದ್ದು ಕಾರು. ಬಲಕ್ಕೆ ಸ್ಟೇರಿಂಗ್ ಇರುವ ನಮ್ಮ ಗಾಡಿಗಳಲ್ಲಿ ಗೇರು ಎಡಗೈಗೆ, ಕ್ಲಚ್ಚು ಎಡಗಾಲಿಗೆ. ನನ್ನ ಗಾಡಿಯ ಗೇರಿನ ಗುಂಡಿನ ಮೇಲಿದ್ದ ಅಂಕಿಗಳು ರಾಯಚೂರಿನ ಬೇಸಿಗೆಯ ಬೆವರಿಗೆ ಅಳಿಸಿಹೋಗಿ ಏಳೆಂಟು ವರ್ಷವಾಯಿತು. ಮೂರನೇದು ಎಲ್ಲಿದೆ ಎಂದರೆ ಬಾಯಿಗೆ ಗೊತ್ತಿಲ್ಲ, ಅಂಗೈಗೆ ಗೊತ್ತು.

ಅಕ್ಕನ ಮಗ ಬೆಂಗಳೂರಿನಿಂದ ಆಟೊಮ್ಯಾಟಿಕ್ ಕಾರು ತಂದಿದ್ದ. ‘ಮಾಮಾ, ನೀವು ಓಡ್ಸಿ ನೋಡ್ರಿ’ ಎಂದ. ಓಡಿಸಿದೆ. ಎಡಗಾಲು ಮದುವೆಮನೆಯಲ್ಲಿ ಯಾರೂ ಕೆಲಸ ಹೇಳದ ದೂರದ ನೆಂಟನ ಹಾಗೆ ಮೂಲೆಯಲ್ಲಿ ಕೂತಿತ್ತು. ಕೂತಿದ್ದರೆ ಪುಣ್ಯ, ಸರ್ಕಲ್ಲು ಬಂದದ್ದೇ ಹಳೆ ಚಾಳಿಗೆ ಕ್ಲಚ್ಚೆಂದು ಬ್ರೇಕನ್ನೇ ಒದೆಯಿತು. ಹಿಂದೆ ಕೂತಿದ್ದ ಅಕ್ಕನ ಹಣೆ ಮುಂದಿನ ಸೀಟಿಗೆ. ಆಮೇಲೆ ಅವಳು ಆಟೊದಲ್ಲೇ ಮನೆಗೆ ಹೋದಳು.

‘ಗೇರ್ ಗಾಡಿ ಘಟ್ಟಕ್ಕೆ ಬೇಕು, ನಿಮ್ಮೂರಾಗ ಘಟ್ಟ ಎಲ್ಲದ?’ ಎಂದು ಅಳಿಯನ ವಾದ. ನಿಜವೇ. ಅತ್ತ ಕೃಷ್ಣೆ, ಇತ್ತ ತುಂಗಭದ್ರೆ, ನಡುವಿನ ನೆಲ ರೊಟ್ಟಿ ತಟ್ಟಿದ ಹಾಗೆ. ಆದರೆ ನಮ್ಮಲ್ಲಿ ಏರು ಇರುವುದು ರಸ್ತೆಯಲ್ಲಲ್ಲ, ಒಜ್ಜೆಯಲ್ಲಿ.

ಇದನ್ನು ನನಗೆ ಕಲಿಸಿದವರು ಹತ್ತಿ ಗಂಜಿನ ಒಬ್ಬ ಉಸ್ತಾದರು. ಹೈದರಾಬಾದ್ ಕಾಲದಿಂದಲೂ ನಮ್ಮಲ್ಲಿ ಡ್ರೈವರ್ ಎಂದರೆ ಉಸ್ತಾದ್. ಹಲ್ಲುಗಳನ್ನು ತಾನೇ ಹೊಂದಿಸಿಕೊಳ್ಳುವ ಸಿಂಕ್ರೊಮೆಶ್ ಗೇರು ಕ್ಯಾಡಿಲಾಕ್ ಕಾರಿಗೆ 1928ರಲ್ಲೇ ಬಂದಿತ್ತಂತೆ. ನಮ್ಮ ಉಸ್ತಾದರ ಲಾರಿಗೆ ಬಂದಿರಲಿಲ್ಲ. ಕ್ಲಚ್ ತುಳಿದು ನ್ಯೂಟ್ರಲ್ಲಿಗೆ ತರಬೇಕು, ಕ್ಲಚ್ ಬಿಟ್ಟು ಚೂರು ರೇಸ್ ಕೊಡಬೇಕು, ಮತ್ತೆ ತುಳಿದು ಕೆಳಗಿನ ಗೇರಿಗೆ ಇಳಿಸಬೇಕು. ಹೊತ್ತು ತಪ್ಪಿದರೆ ಡಬ್ಬಿಯೊಳಗೆ ಜೋಳ ಬೀಸಿದ ಸದ್ದು. ‘ಗೇರ್ ನೋಡಬ್ಯಾಡ, ಕಿವಿ ಕೊಡು. ಗಾಡಿ ಕೇಳ್ತದ, ಆವಾಗ ಹಾಕು’ ಎನ್ನುತ್ತಿದ್ದರು. ಕೇಳುವ ಮೊದಲೇ ಹಾಕಿದರೆ ತಲೆಗೊಂದು ಟಪ್ಪಂತ ಏಟು.

ಆ ಏಟು ಮಾನ್ವಿ ರಸ್ತೆಯಲ್ಲಿ ಕೆಲಸಕ್ಕೆ ಬರುತ್ತದೆ. ಸುಗ್ಗಿಯಲ್ಲಿ ಕಾಲುವೆ ಸೀಮೆಯ ಭತ್ತವೆಲ್ಲ ಟ್ರ್ಯಾಲಿ ಏರಿ ಹೊರಟಿರುತ್ತದೆ. ಮುಂದಿನ ಟ್ರ್ಯಾಕ್ಟರಿಗೆ ಹಿಂದೆ ಯಾರಿದ್ದಾರೆಂಬ ಗೊಡವೆಯಿಲ್ಲ, ಎದುರಿಗೆ ಬಸ್ಸು. ಬಸ್ಸು ದಾಟುವುದಕ್ಕೆ ಮುಂಚೆಯೇ ನಾಲ್ಕರಿಂದ ಮೂರಕ್ಕೆ ಇಳಿಸಿ, ಎಂಜಿನ್ನು ಗಂಟಲು ಸರಿಮಾಡಿಕೊಂಡದ್ದು ಕೇಳಿಸಿದ ಮೇಲೆ ಹೊರಗೆ ಹಾಯಬೇಕು. ದಾರಿ ತೆರೆಯಿತೆಂದು ಆಟೊಮ್ಯಾಟಿಕ್ಕಿಗೆ ಗೊತ್ತಾಗುವುದು ನಾನು ಪೆಡಲ್ ಒತ್ತಿದ ಮೇಲೆ. ನನಗೆ ಅದಕ್ಕೂ ಮುಂಚೆ ಗೊತ್ತಿರುತ್ತದೆ.

ದೇವದುರ್ಗದ ಕಡೆ ಪಾಠ ಬೇರೆ. ಗಬ್ಬೂರು ದಾಟಿ ಹತ್ತಿ ಹೊಲದ ದಾರಿಗೆ ಇಳಿದಿದ್ದೆ, ಮಳೆ ಬಂತು. ಎರೆಮಣ್ಣು ಒಣಗಿದಾಗ ಕಲ್ಲು, ನೆನೆದಾಗ ಬೆಣ್ಣೆ. ಚಕ್ರ ಸುತ್ತಿದಷ್ಟೂ ಕುಣಿ ಆಳವಾಗುತ್ತದೆ. ಒಂದನೇ ಗೇರಿಗೆ ಹಾಕಿ ಅರ್ಧ ಕ್ಲಚ್ ಬಿಟ್ಟೆ. ಗಾಡಿ ಗೇಣು ಮುಂದೆ ಹೋಯಿತು. ಕ್ಲಚ್ ತುಳಿದರೆ ತಾನೇ ಹಿಂದಕ್ಕೆ ಉರುಳುತ್ತದೆ, ಆ ಉರುಳಿನಲ್ಲೇ ರಿವರ್ಸ್. ತೊಟ್ಟಿಲು ತೂಗಿದ ಹಾಗೆ ಆರೇಳು ಸಲ. ಪ್ರತಿ ಸಲ ನಾಲ್ಕು ಬೆರಳು ಹೆಚ್ಚು. ಮಣ್ಣು ಹಿಡಿದಿದೆಯೋ ಬಿಟ್ಟಿದೆಯೋ ಎಂಬುದು ಅಂಗಾಲಿಗೆ ತಿಳಿಯುತ್ತಿತ್ತು, ಮೊಣಕಾಲವರೆಗೆ ಒಂದು ಸಣ್ಣ ನಡುಕವಾಗಿ. ದಂಡೆಗೆ ಬಂದದ್ದೇ ಎಂಜಿನ್ನು ಬಂದ್, ಬ್ಯಾಟರಿ ಖಾಲಿ. ಕೂಲಿಗೆ ಬಂದವರು ನಾಲ್ವರು ದಬ್ಬಿದರು. ಎರಡನೇ ಗೇರಿನಲ್ಲಿ ಕ್ಲಚ್ ತುಳಿದು ಕೂತು, ವೇಗ ಬಂದಾಗ ತಟಕ್ಕನೆ ಬಿಟ್ಟೆ. ಹೊತ್ತಿಕೊಂಡಿತು. ಅಳಿಯನ ಕಾರನ್ನು ದಬ್ಬಿದ್ದರೆ ದಬ್ಬಿದವರಿಗೆ ಬೆವರು ಮಾತ್ರ.

ಮೊಣಕಾಲು ನೋವಿನವರಿಗೆ, ಬೆಂಗಳೂರಿನ ಸಿಲ್ಕ್ ಬೋರ್ಡ್ ಸರ್ಕಲ್ಲಿನಲ್ಲಿ ಆಯುಷ್ಯ ಕಳೆಯುವವರಿಗೆ ಆಟೊಮ್ಯಾಟಿಕ್ಕೇ ಸರಿ, ಅದರಲ್ಲಿ ನನ್ನ ತಕರಾರಿಲ್ಲ. 2014ರಲ್ಲಿ ಮಾರುತಿ ಸೆಲೆರಿಯೊ ತಂದ ಅಗ್ಗದ ಉಪಾಯವಂತೂ ನಮ್ಮದೇ ಗೇರು ಡಬ್ಬಿ; ಕ್ಲಚ್ ತುಳಿಯುವ ಸಂಬಳ ಯಂತ್ರಕ್ಕೆ, ಅಷ್ಟೇ. ಗೇರಿಗೂ ಆಟೊಮ್ಯಾಟಿಕ್ಕಿಗೂ ಇದ್ದ ಮೈಲೇಜಿನ ಜಗಳವೂ ಅಲ್ಲಿಗೆ ಮುಗಿದ ಹಾಗೆ.

ಮರುದಿನ ಅಳಿಯನನ್ನು ರಾಯಚೂರು ಕೋಟೆಗೆ ಕರೆದೊಯ್ದೆ. ಒಳಗೋಡೆಯಲ್ಲಿ 41 ಅಡಿ ಉದ್ದದ ಒಂದೇ ಕಲ್ಲಿದೆ, ಮೇಲೆ 1294ರ ಶಾಸನ. ಅದನ್ನು ತಂದ ಬಗೆಯನ್ನೂ ಅಲ್ಲೇ ಗೀರಿದ್ದಾರೆ: ಕೋಣಗಳ ಉದ್ದ ಸಾಲು, ಇಡೀ ಹಲಗೆಯ ಚಕ್ರದ ಬಂಡಿ, ಚಕ್ರಕ್ಕೆ ಸನ್ನೆಕೋಲು ಕೊಟ್ಟು ನಿಂತ ಆಳುಗಳು. ‘ಆ ಕೋಲು ಹಿಡಿದವರು ನೋಡು, ಅವ್ರು ಫಸ್ಟ್ ಗೇರ್’ ಎಂದೆ. ನಕ್ಕ. ನಕ್ಕು, ಕೀಲಿ ಕೇಳಿದ.

ತೀನ್ ಕಂದೀಲ್ ಸರ್ಕಲ್ಲಿನಲ್ಲಿ ತಳ್ಳುಬಂಡಿ, ಆಟೊ, ಒಂದು ಹೋತ, ಎಲ್ಲ ಒಟ್ಟಿಗೇ ಎದುರಾದವು. ಗಾಡಿ ಒಂದು ಸಲ ಸತ್ತಿತು. ಎರಡನೇ ಸಲವೂ ಸತ್ತಿತು. ಪೇರಲ ಮಾರುವವಳು ತಕ್ಕಡಿ ಕೆಳಗಿಟ್ಟು ನೋಡತೊಡಗಿದಳು. ಅಳಿಯ ಕಾಲಿನತ್ತ ಬಗ್ಗಿ ನೋಡಿದ, ಗೇರಿನ ಗುಂಡು ನೋಡಿದ. ಅದರ ಮೇಲೆ ಅಂಕಿಯೇ ಇಲ್ಲ. ನಾನು ಬಾಯಿ ಬಿಡಲಿಲ್ಲ. ಮೂರನೇ ಸಲ ಕೀಲಿ ತಿರುವಿದವನು, ಕ್ಲಚ್ ಬಿಡುವ ಮೊದಲು ಕೈ ಚಾಚಿ ಹಾಡು ಬಂದ್ ಮಾಡಿದ.